ಇಲ್ಲದ ಗುಂಡಿಗೆ ಗುರಿ

ಗುರಿ ಎಂಬುದು ನಮ್ಮ ಭಾಷೆಯಲ್ಲಿ ಬಹಳ ತೂಕದ ಮಾತು. ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎಂದು ಪ್ರತಿ ವರ್ಷದ ಬೀಳ್ಕೊಡುವ ಸಮಾರಂಭದಲ್ಲಿ ಒಬ್ಬರಾದರೂ ಹೇಳುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಗುರಿ ಹಿಡಿಯುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬಯಲಿನಲ್ಲಿ ಗೋಲಿ ಆಡುತ್ತಿರುವ ಹುಡುಗನನ್ನು ನಿಲ್ಲಿಸಿ ‘ಹೆಂಗ ಹೊಡದ್ಯೋ?’ ಎಂದು ಕೇಳಿ ನೋಡಿ. ‘ಹಂಗ ರೀ, ನೋಡಿ ಹೊಡದ್ನಿ’ ಎನ್ನುತ್ತಾನೆ. ಅವನು ಏನನ್ನೂ ಮುಚ್ಚಿಡುತ್ತಿಲ್ಲ. ಅವನ ಬೆರಳಿಗೆ ಗೊತ್ತಿರುವುದು ಅವನ ಬಾಯಿಗೆ ಗೊತ್ತಿಲ್ಲ, ಅಷ್ಟೆ.

ಬೆರಳಿಗೂ ಬಾಯಿಗೂ ನಡುವಿನ ಈ ಜಗಳಕ್ಕೆ ಒಂದು ಇತಿಹಾಸವಿದೆ. ಗುರಿಯನ್ನು ಸೂತ್ರ ಮಾಡಿ ಕಲಿಸಬಹುದೆ, ಅಥವಾ ಸಾವಿರ ಸಲ ಹೊಡೆದು ಹೊಡೆದು ತಾನಾಗಿಯೇ ಬರಬೇಕೆ ಎಂಬ ಪ್ರಶ್ನೆಯನ್ನು ಬಿಲಿಯರ್ಡ್ಸ್ ಮತ್ತು ಪೂಲ್ ಆಡುವವರು ಇಂದಿಗೂ ಬಿಸಿಬಿಸಿಯಾಗಿ ಚರ್ಚಿಸುತ್ತಾರೆ. ಆ ಮೇಜುಗಳನ್ನು ಕಾಣದೆ ಬೆಳೆದ ನನ್ನಂಥ ಹಳ್ಳಿಶಾಲೆಯ ಶಿಕ್ಷಕಿಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕಲಿಸುವುದು ನನ್ನ ಉದ್ಯೋಗ. ಕಲಿಸಲು ಬರುವುದು ಯಾವುದು, ಬಾರದ್ದು ಯಾವುದು ಎಂಬ ವಾದ ಎಲ್ಲಿ ನಡೆದರೂ ನನಗೆ ಅಲ್ಲಿ ಒಂದು ಮಣೆ ಹಾಕಿದಂತೆಯೇ ಸರಿ.

ನಾನು ನೌಕರಿಗೆ ಸೇರಿದ್ದು 1996ರಲ್ಲಿ. ಆಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲವೂ ಧಾರವಾಡ ಜಿಲ್ಲೆಯಲ್ಲಿದ್ದವು. ಮರುವರ್ಷ ಹಾವೇರಿ ಜಿಲ್ಲೆ ಆಯಿತು. ವರ್ಗಾವಣೆಯ ಕೃಪೆಯಿಂದ ನಾಲ್ಕೂ ತಾಲೂಕುಗಳ ನೀರು ಕುಡಿದಿದ್ದೇನೆ. ಇತಿಹಾಸ ಪಾಠ ಮಾಡುವವಳಾದ್ದರಿಂದ ಹೋದ ಕಡೆಯಲ್ಲೆಲ್ಲ ಗುಡಿ, ಶಾಸನ, ವೀರಗಲ್ಲು ನೋಡುವ ಚಟ. ಆದರೆ ಹುಡುಗರ ಗೋಲಿಯಾಟವನ್ನೂ ಅಷ್ಟೇ ಆಸಕ್ತಿಯಿಂದ ನೋಡಿದ್ದೇನೆ. ಅರೆಮಲೆನಾಡಾದ ಹಾನಗಲ್ಲಿನ ಕಡೆ ಮಳೆಗಾಲವೆಲ್ಲ ಅಂಗಳ ತೇವವಾಗಿ ಗೋಲಿ ಹೆಚ್ಚು ಉರುಳುವುದಿಲ್ಲ, ಅಲ್ಲಿಯ ಹುಡುಗರು ಎತ್ತಿ ಹೊಡೆಯುತ್ತಾರೆ. ಎರೆನೆಲದ ಊರುಗಳಲ್ಲಿ ಬೇಸಿಗೆಗೆ ಭೂಮಿ ಬಿರುಕು ಬಿಡುವುದರಿಂದ ಗಟ್ಟಿ ನೆಲ ಹುಡುಕಿಕೊಂಡು ಗುಡಿಯ ಮುಂದೆ ಆಡುತ್ತಾರೆ. ಹಿರೇಕೆರೂರಿನ ಕಡೆಯ ಕೆಮ್ಮಣ್ಣಿನಲ್ಲಿ ಸಣ್ಣ ಹರಳುಗಳಿರುತ್ತವೆ, ಅವುಗಳ ನಡುವೆ ದಾರಿ ನೋಡಿ ಬಿಡಬೇಕು. ನೆಲ ಬದಲಾದರೆ ಗುರಿಯೂ ಬದಲಾಗುತ್ತದೆ. ಎಲ್ಲ ಕಡೆಯೂ ಒಂದೇ ಆಗಿದ್ದ ಸಂಗತಿ ಎಂದರೆ ಆಡುವವರು ಗಂಡುಹುಡುಗರು. ಹೆಣ್ಣುಮಕ್ಕಳು ಆಣಿಕಲ್ಲು, ಕುಂಟಾಟ ಆಡಿಕೊಂಡು ಒಂದು ಬದಿಗೆ ಇರುತ್ತಿದ್ದರು. ಗೋಲಿ ಮುಟ್ಟಿದರೆ ‘ಗಂಡುಬೀರಿ’ ಎನಿಸಿಕೊಳ್ಳುತ್ತಿದ್ದರು.

ಶಿಗ್ಗಾಂವಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಶಾಲೆಗೆ ಒಂದು ಕೇರಂ ಬೋರ್ಡು ಬಂತು. ಅದರಿಂದ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ವಾದ ಹುಟ್ಟಿತು. ಗಣಿತದ ಮಾಸ್ತರರು ಹೇಳಿದರು: ‘ಇದು ಪೂರಾ ರೇಖಾಗಣಿತ. ಹತ್ತನೇತ್ತಾ ಪುಸ್ತಕದಾಗ ಸ್ಪರ್ಶವೃತ್ತ ಅದಾವಲ್ಲ, ಅದ ಇದು.’ ಆಗಿನ ಪಠ್ಯದಲ್ಲಿ ಆ ಪಾಠವಿತ್ತು. ಎರಡು ವೃತ್ತಗಳು ಹೊರಗಿನಿಂದ ಮುಟ್ಟಿಕೊಂಡಾಗ ಅವುಗಳ ಕೇಂದ್ರಗಳ ನಡುವಿನ ದೂರ ಎರಡರ ತ್ರಿಜ್ಯಗಳ ಮೊತ್ತಕ್ಕೆ ಸಮ, ಮುಟ್ಟುವ ಬಿಂದು ಎರಡೂ ಕೇಂದ್ರಗಳನ್ನು ಕೂಡಿಸುವ ಗೆರೆಯ ಮೇಲೇ ಇರುತ್ತದೆ ಎಂದು. ಮಕ್ಕಳು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅದೇ ಪ್ರಮೇಯವನ್ನು ಬೆರಳಿನಿಂದ ಹೊಡೆಯುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಪಿ.ಟಿ. ಮಾಸ್ತರರು ನಕ್ಕುಬಿಟ್ಟರು. ‘ಸರ, ನಿಮ್ಮ ಪ್ರಮೇಯ ಬೋರ್ಡಿನ ಮ್ಯಾಲೆ ಇರಲಿ. ಕೇರಂ ಕೈಯಾಗ ಇರತೈತಿ. ಲೆಕ್ಕ ಮಾಡಕೋತ ಕುಂತ್ರ ಆಟ ಮುಗದ ಹೋಗತೈತಿ.’

ಗಣಿತದ ಮಾಸ್ತರರು ಹೇಳಿದ್ದನ್ನು ಓದುಗರಿಗೂ ತಿಳಿಸುತ್ತೇನೆ, ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಕಾಯಿ ಕಿಂಡಿಗೆ ಹೋಗಬೇಕಾದರೆ ಕಿಂಡಿಯಿಂದ ಕಾಯಿಯ ನಡುವಿಗೆ ಒಂದು ಗೆರೆ ಎಳೆಯಿರಿ. ಆ ಗೆರೆಯನ್ನು ಹಿಂದಕ್ಕೆ ಬೆಳೆಸಿ. ಸ್ಟ್ರೈಕರ್ ಕಾಯಿಯನ್ನು ಮುಟ್ಟುವ ಕ್ಷಣದಲ್ಲಿ ಅದರ ಕೇಂದ್ರ ಆ ಗೆರೆಯ ಮೇಲೆ ಇರಬೇಕು. ಕಾಯಿಯ ಅಡ್ಡಳತೆ 3.1 ಸೆಂಟಿಮೀಟರಿನಷ್ಟು, ಸ್ಟ್ರೈಕರಿನದು 4.1 ಸೆಂಟಿಮೀಟರಿನಷ್ಟು. ಎರಡರ ಅರ್ಧರ್ಧ ಕೂಡಿಸಿದರೆ 3.6. ಅಂದರೆ ಕಾಯಿಯ ನಡುವಿನಿಂದ 3.6 ಸೆಂಟಿಮೀಟರು ಹಿಂದೆ, ಬೋರ್ಡಿನ ಮೇಲೆ ಏನೂ ಇಲ್ಲದ ಒಂದು ಜಾಗಕ್ಕೆ ನೀವು ಗುರಿ ಇಡಬೇಕು. ನೋಡಬೇಕಾದದ್ದು ಕಾಯಿಯನ್ನಲ್ಲ, ಅದರ ಹಿಂದೆ ಸ್ಟ್ರೈಕರ್ ಬಂದು ನಿಲ್ಲಲಿರುವ ಜಾಗವನ್ನು.

ಹಲವು ವರ್ಷಗಳ ಮೇಲೆ ಹುಬ್ಬಳ್ಳಿಯಲ್ಲಿ ನನ್ನ ತಮ್ಮನ ಮಗ ನನ್ನನ್ನು ಒಂದು ಪೂಲ್ ಆಡುವ ಜಾಗಕ್ಕೆ ಕರೆದುಕೊಂಡು ಹೋದಾಗ ಇದೇ ಮಾತು ಬೇರೆ ವೇಷದಲ್ಲಿ ಸಿಕ್ಕಿತು. ಒಳಗಿದ್ದ ಹೆಂಗಸು ನಾನೊಬ್ಬಳೇ. ‘ಅತ್ತಿ, ಇಲ್ಲಿ ನೋಡ್ರಿ, ಇಲ್ಲೊಂದು ಬಾಲ್ ಐತಿ ಅಂತ ತಿಳಕೋಬೇಕು. ಅದಕ್ಕ ಘೋಸ್ಟ್ ಬಾಲ್ ಅಂತಾರ’ ಎಂದು ಅವನು ಬರಿಯ ಹಸಿರು ಬಟ್ಟೆಯ ಮೇಲೆ ಬೆರಳು ಇಟ್ಟು ತೋರಿಸಿದ. ದೆವ್ವದ ಗುಂಡು! ಶಿಗ್ಗಾಂವಿಯ ಗಣಿತದ ಮಾಸ್ತರರ 3.6 ಸೆಂಟಿಮೀಟರು ಇಲ್ಲಿ ದೆವ್ವವಾಗಿ ಕುಳಿತಿತ್ತು. ಅಂದಿನಿಂದ ಈ ಆಟದ ಚರಿತ್ರೆಯನ್ನು ಸಿಕ್ಕಲ್ಲೆಲ್ಲ ಓದುತ್ತ ಬಂದೆ.

ಯುರೋಪಿನಲ್ಲಿ ಹುಲ್ಲಿನ ಮೇಲೆ ಆಡುತ್ತಿದ್ದ ಆಟವೊಂದು ಹದಿನೈದನೆಯ ಶತಮಾನದ ಹೊತ್ತಿಗೆ ಮನೆಯೊಳಗೆ, ಮೇಜಿನ ಮೇಲೆ ಬಂತು. ಮೇಜಿನ ಬಟ್ಟೆ ಇಂದಿಗೂ ಹಸಿರಾಗಿರುವುದು ಆ ಹುಲ್ಲಿನ ನೆನಪಿಗೆ ಎನ್ನುತ್ತಾರೆ. ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಲ್ಲಿದ್ದಾಗ, 1576ರಲ್ಲಿ, ತನ್ನ ಬಿಲಿಯರ್ಡ್ಸ್ ಮೇಜನ್ನು ಕಿತ್ತುಕೊಂಡರೆಂದು ದೂರಿದ್ದಳಂತೆ. ಆಗ ಕೋಲಿನ ತುದಿಯಿಂದ ತಿವಿದು ಹೊಡೆಯುವ ಪದ್ಧತಿ ಇರಲಿಲ್ಲ. ತುದಿಗೆ ಅಗಲವಾದ ಮರದ ತುಂಡಿದ್ದ ‘ಮೇಸ್’ ಎಂಬ ಸಾಧನದಿಂದ ಗುಂಡನ್ನು ದೂಡುತ್ತಿದ್ದರು. ಗುಂಡು ಮೇಜಿನ ಅಂಚಿಗೆ ಅಂಟಿಕೊಂಡಾಗ ಆ ಅಗಲ ತಲೆ ಅಡ್ಡ ಬರುತ್ತಿದ್ದುದರಿಂದ ಅದನ್ನು ತಿರುಗಿಸಿ ಹಿಡಿಕೆಯ ಸಣ್ಣ ತುದಿಯಿಂದ ತಿವಿಯತೊಡಗಿದರು. ಆ ಹಿಡಿಕೆಯೇ ಮುಂದೆ ‘ಕ್ಯೂ’ ಎಂಬ ಕೋಲಾಯಿತು. ಗುರಿಯ ಚರಿತ್ರೆ ಶುರುವಾಗುವುದು ಇಲ್ಲಿಂದ. ಮೇಸ್ ಹಿಡಿದವನು ಸುಮ್ಮನೆ ದೂಡುತ್ತಾನೆ. ಕೋಲು ಹಿಡಿದವನು ಬಗ್ಗಿ, ಕೋಲಿನ ಮೇಲಿಂದ ಕಣ್ಣು ಹಾಯಿಸಿ, ಗೆರೆಯನ್ನು ನೋಡಿ ಹೊಡೆಯಬಲ್ಲ.

ಇಲ್ಲಿ ಚರಿತ್ರೆಕಾರರು ಒಂದು ಸಣ್ಣ ಸಂಗತಿ ಹೇಳುತ್ತಾರೆ. ಗಂಡಸರು ಕ್ಯೂ ಹಿಡಿದ ಮೇಲೂ ಎಷ್ಟೋ ಕಾಲ ಹೆಂಗಸರ ಕೈಗೆ ಮೇಸನ್ನೇ ಕೊಡುತ್ತಿದ್ದರಂತೆ. ಚೂಪು ಕೋಲಿನಿಂದ ಅವರು ಬಟ್ಟೆ ಹರಿದಾರು ಎಂಬ ಭಯ! ದಿನವೂ ಸೂಜಿ ಹಿಡಿದು ಬಟ್ಟೆ ಹೊಲಿಯುತ್ತಿದ್ದ ಕೈಗಳ ಬಗ್ಗೆ ಈ ಭಯ. ಗುರಿ ನೋಡಲು ಬರುವ ಸಾಧನ ಒಬ್ಬರಿಗೆ, ದೂಡಲು ಮಾತ್ರ ಬರುವ ಸಾಧನ ಇನ್ನೊಬ್ಬರಿಗೆ. ಆಮೇಲೆ ‘ಹೆಂಗಸರಿಗೆ ಗುರಿ ಇಲ್ಲ’ ಎಂದು ತೀರ್ಪು ಕೊಡುವುದು ಸುಲಭ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸೈನ್ಯದ ಕ್ಯಾಪ್ಟನ್ ಫ್ರಾಂಸ್ವಾ ಮಿಂಗೋ ಎಂಬಾತ ಕೋಲಿನ ತುದಿಗೆ ಚರ್ಮದ ತುಣುಕು ಅಂಟಿಸಿದ. ಪ್ಯಾರಿಸಿನ ಸೆರೆಮನೆಯಲ್ಲಿದ್ದಾಗ ಅವನಿಗೆ ಆಡಲು ಮೇಜು ಸಿಕ್ಕಿತ್ತು. ಆಟದಲ್ಲಿ ಎಷ್ಟು ಮುಳುಗಿದ್ದನೆಂದರೆ ಬಿಡುಗಡೆಯ ದಿನ ಬಂದಾಗ ಇನ್ನಷ್ಟು ದಿನ ಇರಲು ಬಿಡಿ ಎಂದು ಕೇಳಿಕೊಂಡನೆಂಬ ದಂತಕಥೆಯೂ ಇದೆ. ಚರ್ಮದ ತುದಿ ಜಾರುವುದಿಲ್ಲವಾದ್ದರಿಂದ ಗುಂಡಿನ ನಡುವಿಗೆ ಮಾತ್ರವಲ್ಲ, ಮೇಲೆ, ಕೆಳಗೆ, ಬದಿಗೆ ಹೊಡೆದು ಅದನ್ನು ತಿರುಗಿಸಲು ಸಾಧ್ಯವಾಯಿತು. ಆಟ ಹತ್ತು ಪಟ್ಟು ಸೊಗಸಾಯಿತು, ಗುರಿ ಹತ್ತು ಪಟ್ಟು ಕಠಿಣವಾಯಿತು. 1835ರಲ್ಲಿ ಪ್ಯಾರಿಸಿನ ವಿಜ್ಞಾನಿ ಕೊರಿಯೋಲಿಸ್ ಈ ಆಟದ ಗಣಿತದ ಮೇಲೆ ಒಂದು ಇಡೀ ಪುಸ್ತಕ ಬರೆದ. ಭೂಮಿಯ ತಿರುಗುವಿಕೆಯಿಂದ ಗಾಳಿ ಬಾಗುವುದನ್ನು ಭೂಗೋಳದ ಪಾಠದಲ್ಲಿ ಮಕ್ಕಳಿಗೆ ಹೇಳುವಾಗ ನಾವು ಹೆಸರಿಸುವ ಕೊರಿಯೋಲಿಸ್ ಇವನೇ. ಬೆರಳಿನ ವಿದ್ಯೆಯನ್ನು ಬಾಯಿಗೆ ತರುವ ಮೊದಲ ದೊಡ್ಡ ಪ್ರಯತ್ನ ಅದು.

ಆದರೆ ಸೂತ್ರವನ್ನು ನಂಬಬೇಕಾದರೆ ಗುಂಡುಗಳೂ ನಂಬಿಗಸ್ತವಾಗಿರಬೇಕಲ್ಲ! ಆಗಿನ ಒಳ್ಳೆಯ ಗುಂಡುಗಳು ಆನೆಯ ದಂತದವು. ದಂತ ಹವೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಬದಿಗೆ ತೂಕ ಹೆಚ್ಚಿರುತ್ತದೆ. ಅಂಥ ಗುಂಡಿನ ಮುಂದೆ ಪ್ರಮೇಯ ಹಿಡಿದುಕೊಂಡು ನಿಂತವನಿಗಿಂತ ಆ ಗುಂಡಿನ ಸ್ವಭಾವ ಬಲ್ಲ ಹಳೆಯ ಆಟಗಾರನೇ ಮೇಲು. 1860ರ ದಶಕದಲ್ಲಿ ಅಮೆರಿಕದ ಹಯಟ್ ಎಂಬಾತ ದಂತಕ್ಕೆ ಬದಲಿ ಹುಡುಕಲು ಹೋಗಿ ಸೆಲ್ಯುಲಾಯ್ಡ್ ತಯಾರಿಸಿದ. ಮುಂದಿನ ಶತಮಾನದಲ್ಲಿ ಎರಕ ಹೊಯ್ದ ರಾಳದ ಗುಂಡುಗಳು ಬಂದವು, ಎಲ್ಲವೂ ಒಂದೇ ಅಳತೆ, ಒಂದೇ ತೂಕ. ಆಗ ಸೂತ್ರದವರಿಗೆ ಬಲ ಬಂತು. ಹಾನಗಲ್ಲಿನ ಹಸಿ ಅಂಗಳದಲ್ಲಿ ಪ್ರಮೇಯ ನಡೆಯುವುದಿಲ್ಲ, ನುಣುಪಾದ ಕೇರಂ ಬೋರ್ಡಿನ ಮೇಲೆ ನಡೆಯುತ್ತದೆ ಎಂಬುದನ್ನು ನೋಡಿದ ನನಗೆ ಇದು ಆಶ್ಚರ್ಯದ ಮಾತಾಗಿರಲಿಲ್ಲ.

ಈ ನಡುವೆ ಆಟ ನಮ್ಮ ದೇಶಕ್ಕೂ ಬಂದಿತ್ತು. 1875ರಲ್ಲಿ ಜಬಲಪುರದ ಸೈನ್ಯದ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಹಲವು ಬಣ್ಣದ ಗುಂಡುಗಳನ್ನು ಸೇರಿಸಿ ಹೊಸ ಆಟ ಕಟ್ಟಿದ. ಅದೇ ಸ್ನೂಕರ್. ಅದರ ನಿಯಮಗಳು ನಮ್ಮ ಗಡಿಯಾಚೆಯ ಊಟಿಯ ಕ್ಲಬ್ಬಿನಲ್ಲಿ ರೂಪುಗೊಂಡವು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು, 52.5 ಮಿಲಿಮೀಟರಿನ ಗುಂಡುಗಳು. ಪೂಲ್ ಮೇಜು ಅದಕ್ಕಿಂತ ಸಣ್ಣದು, ಒಂಬತ್ತು ಅಡಿಯದು. ಗುಂಡು ಮಾತ್ರ ತುಸು ದೊಡ್ಡದು, 57 ಮಿಲಿಮೀಟರ್. ಆಟ ಯಾವುದಾದರೂ ಗುರಿಯ ಪ್ರಶ್ನೆ ಒಂದೇ.

ಈ ಪ್ರಶ್ನೆಗೆ ಆಟಗಾರರು ಕೊಟ್ಟ ಉತ್ತರಗಳನ್ನು ಮೂರ್ನಾಲ್ಕು ಪಂಥಗಳಾಗಿ ಮಾಡಬಹುದು. ಮೊದಲನೆಯದು ಎಲ್ಲರಿಗೂ ತಾನಾಗಿ ಹೊಳೆಯುವಂಥದು: ಎದುರಿನ ಗುಂಡನ್ನು ಎಲ್ಲಿ ಮುಟ್ಟಬೇಕೋ ಆ ಬಿಂದುವಿಗೇ ಗುರಿ ಇಡುವುದು. ನೋಡಲು ಸರಿ, ಮಾಡಲು ತಪ್ಪು. ನಮ್ಮ ಗುಂಡು ಬಿಂದುವಲ್ಲ, ಅದಕ್ಕೂ ಹೊಟ್ಟೆಯಿದೆ. ಅದರ ನಡು ಆ ಬಿಂದುವಿಗೆ ತಲುಪುವ ಮೊದಲೇ ಅದರ ಹೊಟ್ಟೆ ಬೇರೊಂದು ಕಡೆ ತಾಗಿರುತ್ತದೆ. 30 ಡಿಗ್ರಿ ಓರೆಯಾಗಿ ಹೋಗಬೇಕಾದ ಗುಂಡು ಹೀಗೆ ಹೊಡೆದರೆ ಸುಮಾರು 14 ಡಿಗ್ರಿಯಷ್ಟೇ ಓರೆಯಾಗುತ್ತದೆ. ಎರಡನೆಯದು ದೆವ್ವದ ಗುಂಡಿನ ಪಂಥ. ರೇಖಾಗಣಿತದ ಪ್ರಕಾರ ಇದರಲ್ಲಿ ದೋಷವೇ ಇಲ್ಲ. ತೊಂದರೆ ಒಂದೇ, ದೆವ್ವ ಎಲ್ಲರ ಕಣ್ಣಿಗೂ ಕಾಣುವುದಿಲ್ಲ.

ಮೂರನೆಯದು ಪಾಲಿನ ಲೆಕ್ಕ. ನಮ್ಮ ಗುಂಡು ಎದುರಿನ ಗುಂಡನ್ನು ಎಷ್ಟು ಪಾಲು ಮುಚ್ಚಬೇಕು ಎಂದು ನೋಡುವುದು. ಎದುರಿನ ಗುಂಡಿನ ಅಂಚಿಗೆ ನಮ್ಮ ಗುಂಡಿನ ನಡುವನ್ನು ಗುರಿ ಇಟ್ಟರೆ ಅರ್ಧ ಮುಚ್ಚುತ್ತದೆ, ಎದುರಿನದು 30 ಡಿಗ್ರಿ ಓರೆಯಾಗಿ ಹೋಗುತ್ತದೆ. ಮುಕ್ಕಾಲು ಮುಚ್ಚಿದರೆ ಹದಿನಾಲ್ಕೂವರೆ ಡಿಗ್ರಿ, ಕಾಲು ಮುಚ್ಚಿದರೆ ನಲವತ್ತೆಂಟೂವರೆ. ಸೈನ್ 30 ಡಿಗ್ರಿ ಅರ್ಧ ಎಂದು ಬಲ್ಲ ಹತ್ತನೆಯ ತರಗತಿಯ ಮಕ್ಕಳು ಇದನ್ನು ತಾವೇ ತಾಳೆ ನೋಡಬಹುದು. ಇಂಗ್ಲಿಷ್ ಬಿಲಿಯರ್ಡ್ಸ್ ಕಲಿಸುವವರು ಅರ್ಧಗುಂಡಿನ ಹೊಡೆತದಿಂದಲೇ ಓಂಕಾರ ಹಾಕಿಸುತ್ತಿದ್ದರು. ಕಣ್ಣಿಗೆ ಹಿಡಿಯಲು ಗುಂಡಿನ ಅಂಚು ಎಂಬ ಒಂದು ಖಚಿತ ಗುರುತು ಅಲ್ಲಿರುತ್ತದೆಂಬುದು ಅದರ ಗುಣ. ಆದರೆ ಓರೆಗಳು ಅಸಂಖ್ಯ, ಪಾಲುಗಳು ನಾಲ್ಕೈದು. ನಡುವಿನವನ್ನು ಯಾರು ತುಂಬಬೇಕು?

1990ರ ದಶಕದಿಂದೀಚೆಗೆ ಅಮೆರಿಕದಲ್ಲಿ ಹಾಲ್ ಹೌಲ್ ಎಂಬ ಶಿಕ್ಷಕರ ಹೆಸರಿನೊಂದಿಗೆ ಇನ್ನಷ್ಟು ಪದ್ಧತಿಗಳು ಹರಡಿದವು. ನಮ್ಮ ಗುಂಡಿನ ನಡುವನ್ನು ಎದುರಿನದರ ಅಂಚಿಗೆ ಹೊಂದಿಸಿ, ಆಮೇಲೆ ಕೋಲನ್ನು ಇಷ್ಟು ಹೊರಳಿಸಿದರೆ ಸಾಕು, ಎಲ್ಲ ಹೊಡೆತಗಳೂ ಬಲೆಗೆ ಬೀಳುತ್ತವೆ ಎಂಬ ತರಹದ ಮಾತು. ನಂಬಿದವರು ಅದನ್ನು ಮಂತ್ರದಂತೆ ನಂಬಿದರು, ನಂಬದವರು ಹಾಸ್ಯ ಮಾಡಿದರು. ಡೇವಿಡ್ ಅಲ್ಸಿಯಾಟೋರ್ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕರು ಇವನ್ನು ಲೆಕ್ಕ ಹಾಕಿ ನೋಡಿದರು. ಕೆಲವೇ ಗೆರೆಗಳಿಂದ ಎಲ್ಲ ಓರೆಗಳನ್ನೂ ಸಾಧಿಸಲು ಬಾರದು, ಉಳಿದದ್ದನ್ನು ಆಟಗಾರನ ಕಣ್ಣೇ ಗೊತ್ತಿಲ್ಲದಂತೆ ತಿದ್ದಿಕೊಳ್ಳುತ್ತದೆ, ಆದರೆ ಪ್ರತಿ ಸಲವೂ ಒಂದೇ ಕ್ರಮದಲ್ಲಿ ನಿಂತು ನೋಡುವ ಶಿಸ್ತು ಬರುವುದರಿಂದ ಲಾಭವಂತೂ ಇದೆ ಎಂಬುದು ಅವರ ಮಾತಿನ ಸಾರ.

ನಾಲ್ಕನೆಯವರು ಪಂಥವೇ ಬೇಡ ಎನ್ನುವವರು, ನಮ್ಮ ಪಿ.ಟಿ. ಮಾಸ್ತರರ ಬಳಗ. ಅವರ ಪಕ್ಷ ಹಗುರವಾದದ್ದೇನಲ್ಲ. 1954ರಲ್ಲಿ ಒಂದೇ ಸರದಿಯಲ್ಲಿ 526 ಗುಂಡು ಹಾಕಿದ ಅಮೆರಿಕದ ವಿಲ್ಲಿ ಮಾಸ್ಕೋನಿ, ಹುಡುಗನಾಗಿದ್ದಾಗ ಅಪ್ಪ ಗುಂಡುಗಳನ್ನು ಬೀಗ ಹಾಕಿ ಇಟ್ಟರೆ ಆಲೂಗಡ್ಡೆಗಳನ್ನು ಕಸಬರಿಗೆಯ ಕೋಲಿನಿಂದ ಹೊಡೆದು ಕಲಿತನಂತೆ. ಆಲೂಗಡ್ಡೆಗೆ ಯಾವ ತ್ರಿಜ್ಯ, ಯಾವ ಕೇಂದ್ರ? ಇನ್ನು ಲೆಕ್ಕದಿಂದಲೇ ಲೆಕ್ಕದ ಸೋಲನ್ನು ತೋರಿಸಬಹುದು. ಸ್ನೂಕರ್ ಗುಂಡಿನ ಮೇಲೆ ನಿಮ್ಮ ಗುರಿ ಒಂದು ಮಿಲಿಮೀಟರು ತಪ್ಪಿದರೆ ಎದುರಿನ ಗುಂಡು ಒಂದು ಡಿಗ್ರಿಗಿಂತ ತುಸು ಹೆಚ್ಚು ಅಡ್ಡ ಹೋಗುತ್ತದೆ. ಒಂದು ಮೀಟರು ದೂರದ ಕಿಂಡಿಗೆ ಹೋಗುವಷ್ಟರಲ್ಲಿ ಅದು ಸುಮಾರು ಎರಡು ಸೆಂಟಿಮೀಟರಾಗುತ್ತದೆ. ಓರೆ ಹೆಚ್ಚಾದಷ್ಟೂ ತಪ್ಪು ಬೆಳೆಯುತ್ತದೆ. ಒಂದು ಮಿಲಿಮೀಟರನ್ನು ಯಾವ ಸೂತ್ರ ಕಣ್ಣಿಗೆ ಕಲಿಸೀತು? ಸಾಲದ್ದಕ್ಕೆ ಗುಂಡುಗಳು ಉಜ್ಜಿಕೊಳ್ಳುವಾಗ ಎದುರಿನ ಗುಂಡು ಗೆರೆ ಬಿಟ್ಟು ಎಳೆದುಕೊಂಡು ಹೋಗುತ್ತದೆ, ಕೆಲವೊಮ್ಮೆ ನಾಲ್ಕೈದು ಡಿಗ್ರಿಯಷ್ಟು. ಬದಿಗೆ ಹೊಡೆದು ತಿರುಗಿಸಿದರೆ ನಮ್ಮ ಗುಂಡೇ ಕೋಲಿನ ದಿಕ್ಕು ಬಿಡುತ್ತದೆ. ದೆವ್ವದ ಗುಂಡು ಇಂಥವನ್ನೆಲ್ಲ ಲೆಕ್ಕಕ್ಕೆ ಹಿಡಿದಿಲ್ಲ. ಅವನ್ನು ಹಿಡಿಯುವುದು ಸಾವಿರಾರು ಗಂಟೆಗಳ ಅಭ್ಯಾಸವೇ.

ಹಾಗಾದರೆ ಪಿ.ಟಿ. ಮಾಸ್ತರರು ಗೆದ್ದರೆ? ನಮ್ಮ ರಾಜ್ಯದ ಉದಾಹರಣೆ ನೋಡಿದರೆ ಹಾಗೆಯೇ ತೋರುತ್ತದೆ. 1958ರಲ್ಲಿ ಕಲಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸ್ ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದದ್ದು ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ವಿಶ್ವ ಪ್ರಶಸ್ತಿಗಳಲ್ಲೊಂದು. ಆಮೇಲೆ ಬೆಂಗಳೂರು ಈ ಆಟಕ್ಕೆ ಮನೆಯಾಯಿತು. ಪಂಕಜ್ ಅಡ್ವಾಣಿ ಬಾಲ್ಯದಲ್ಲಿ ಕುವೈತಿನಿಂದ ಬೆಂಗಳೂರಿಗೆ ಬಂದವರು. ಹತ್ತು ವರ್ಷದ ಹುಡುಗನಾಗಿ ಕೋಲು ಹಿಡಿದರು, ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಆಗಿದ್ದ ಅರವಿಂದ ಸವೂರ್ ಅವರ ಬಳಿ ಪಳಗಿದರು, 2003ರಲ್ಲಿ ಹದಿನೆಂಟರ ಹರೆಯದಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಹವ್ಯಾಸಿ ಪ್ರಶಸ್ತಿ ಗೆದ್ದರು. 2024ರ ನವೆಂಬರಿನಲ್ಲಿ ದೋಹಾದಲ್ಲಿ ಅವರು ಗೆದ್ದದ್ದು 28ನೆಯ ವಿಶ್ವ ಪ್ರಶಸ್ತಿ. ಹತ್ತನೆಯ ವಯಸ್ಸು, ಒಳ್ಳೆಯ ಮೇಜು, ಒಳ್ಳೆಯ ಗುರು, ದಿನದ ಅಭ್ಯಾಸ. ಗುರಿ ಬೆರಳಿಗಿಳಿಯಲು ಬೇಕಾದದ್ದೆಲ್ಲ ಕೂಡಿಬಂದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಅದೇ ಬೆಂಗಳೂರಿನ ಇನ್ನೊಂದು ಹೆಸರು ನನಗೆ ಹೆಚ್ಚು ಹತ್ತಿರದ್ದು. ಆರ್. ಉಮಾದೇವಿ ನಾಗರಾಜ್ ಅವರು ರಾಜ್ಯ ಸರಕಾರದ ತೋಟಗಾರಿಕೆ ಇಲಾಖೆಯಲ್ಲಿ ನೌಕರಿ ಮಾಡಿದವರು. ಕಬ್ಬನ್ ಪಾರ್ಕಿನ ಸಚಿವಾಲಯ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದವರು, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ಬಿಲಿಯರ್ಡ್ಸ್ ಮೇಜಿನ ಕಡೆ ತಿರುಗಿದರು. ಕಚೇರಿ, ಮನೆ ಎರಡನ್ನೂ ಸಂಭಾಳಿಸಿಕೊಂಡು ಆಡಿದರು. 2012ರಲ್ಲಿ, ನಲವತ್ತು ದಾಟಿದ ಮೇಲೆ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಬ್ರಿಟನ್ನಿನ ಹೆಂಗಸರು ತಮ್ಮದೇ ಬಿಲಿಯರ್ಡ್ಸ್ ಸಂಘ ಕಟ್ಟಿಕೊಂಡದ್ದು 1931ರಲ್ಲಿ. ಆ ದೇಶದಲ್ಲೇ, ಎಂಬತ್ತೊಂದು ವರ್ಷದ ಮೇಲೆ, ನಮ್ಮ ಸರಕಾರಿ ಕಚೇರಿಯ ಹೆಣ್ಣುಮಗಳೊಬ್ಬಳು ಕಪ್ ಎತ್ತಿದಳು. ಹತ್ತನೆಯ ವರ್ಷಕ್ಕೆ ಮೇಜು ಸಿಗದವರ ದಾರಿ ಬೇರೆ. ಅವರಿಗೆ ಮೇಜಿನ ಮುಂದೆ ಸಿಗುವ ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಇಲ್ಲಿ ನಮ್ಮ ಶಿಗ್ಗಾಂವಿಯ ಸಂಗತಿಯನ್ನು ಪೂರ್ತಿ ಮಾಡಬೇಕು. ಕೇರಂ ಬೋರ್ಡು ಬಂದ ವರ್ಷ ಶಾಲೆಯ ಸ್ಪರ್ಧೆಗೆ ಹೆಸರು ಕೊಟ್ಟ ಹುಡುಗಿ ಒಬ್ಬಳೇ, ಒಂಬತ್ತನೆಯ ತರಗತಿಯವಳು. ಶಾಲೆ ಬಿಟ್ಟ ಮೇಲೆ ನಿಲ್ಲಲು ಮನೆಯವರ ಒಪ್ಪಿಗೆ ಇರಲಿಲ್ಲ. ತಂಗಿಯನ್ನು ಕರೆದುಕೊಂಡು ಹೋಗಿ ನೀರು ತುಂಬಬೇಕು. ಅವಳಿಗಿದ್ದದ್ದು ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ. ಗಣಿತದ ಮಾಸ್ತರರು ರಟ್ಟಿನಲ್ಲಿ ಸ್ಟ್ರೈಕರಿನ ಅಳತೆಯ ಒಂದು ಬಿಲ್ಲೆ ಕತ್ತರಿಸಿ ಕೊಟ್ಟರು. ಕಾಯಿಯ ಹಿಂದೆ, ಕಿಂಡಿಯ ಗೆರೆಗೆ ಸರಿಯಾಗಿ, ಆ ಬಿಲ್ಲೆಯನ್ನು ಕಾಯಿಗೆ ತಾಗಿಸಿ ಇಡುವುದು, ಕಣ್ಣು ತುಂಬ ನೋಡುವುದು, ಬಿಲ್ಲೆ ತೆಗೆಯುವುದು, ಅದು ಇದ್ದ ಜಾಗಕ್ಕೆ ಹೊಡೆಯುವುದು. ‘ಅಕ್ಕಾರ, ಈಗ ಬಿಲ್ಲಿ ಇಲ್ದನೂ ಕಾಣಸ್ತೈತ್ರಿ’ ಎಂದು ಮೂರನೆಯ ವಾರ ನನ್ನ ಬಳಿ ಬಂದು ಹೇಳಿದಳು. ಬಿಲ್ಲೆಯ ಕೆಲಸ ಅಲ್ಲಿಗೆ ಮುಗಿದಿತ್ತು.

ಅವಳು ಕೊನೆಯ ಆಟದವರೆಗೆ ಬಂದಳು, ಅಲ್ಲಿ ಸೋತಳು. ಗೆದ್ದ ಹುಡುಗ ಐದು ವರ್ಷದಿಂದ ಗೋಲಿ ಆಡಿದವನು. ‘ನೋಡ್ರಿ, ಕೈಯ ಗೆದ್ದಿತು’ ಎಂದರು ಪಿ.ಟಿ. ಮಾಸ್ತರರು. ‘ಅವನ ಐದು ವರ್ಷಕ್ಕ ಇಕೀ ಇಪ್ಪತ್ತ ಇಪ್ಪತ್ತ ನಿಮಿಷ ಎದುರ ನಿಂತುವಲ್ಲರೀ’ ಎಂದರು ಗಣಿತದ ಮಾಸ್ತರರು. ಇಬ್ಬರ ಮಾತೂ ನಿಜ. ಆದರೆ ವಾದ ಅಲ್ಲಿಗೆ ನಿಲ್ಲಲಿಲ್ಲ. ಮರುವಾರ ಪಿ.ಟಿ. ಮಾಸ್ತರರು ಆಟದ ಸಾಮಾನಿನ ಕಪಾಟಿನ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು, ‘ಅಕ್ಕಾರ, ಶನಿವಾರ ಒಂದ ತಾಸು ಹೆಣ್ಣಹುಡುಗ್ಯಾರಿಗೆ ಬೋರ್ಡ ಬಿಟ್ಟೀನಿ. ಕೈ ಆಗಬೇಕಂದ್ರ ಹೊತ್ತ ಬೇಕ್ರಿ’ ಎಂದರು. ಅವರು ತಮ್ಮ ಪಕ್ಷ ಬಿಟ್ಟುಕೊಡಲಿಲ್ಲ, ಅದನ್ನು ಕೊನೆಯವರೆಗೆ ನಡೆಸಿದರು. ಅಭ್ಯಾಸವೇ ದೊಡ್ಡದು ಎಂದು ನಂಬಿದವನು ಅಭ್ಯಾಸಕ್ಕೆ ಜಾಗವನ್ನೂ ಕೊಡಬೇಕಲ್ಲ!

ಹಾನಗಲ್ಲಿಗೆ ವಿರಾಟನಗರವೆಂಬ ಐತಿಹ್ಯವಿದೆ. ಶಾಸನಗಳಲ್ಲಿ ಅದು ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ. ಜನರ ಬಾಯಲ್ಲಿ ಮಾತ್ರ ಪಾಂಡವರು ಅಜ್ಞಾತವಾಸ ಕಳೆದ ಊರು. ಗಿಳಿಯ ಕಣ್ಣೊಂದನ್ನೇ ನೋಡಿದ ಆ ಅರ್ಜುನ ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾಗಿ ರಾಜಕುಮಾರಿಗೆ ನಾಟ್ಯ ಕಲಿಸಿದ. ಬಿಲ್ಲು ಬನ್ನಿಯ ಮರದ ಮೇಲಿತ್ತು. ಅಷ್ಟು ದೊಡ್ಡ ಗುರಿಕಾರ ಒಂದು ವರ್ಷ ಪೂರ್ತಿ ಎದುರಿಗಿದ್ದರೂ ಉತ್ತರೆಗೆ ಗುರಿಯ ಪಾಠ ಸಿಗಲಿಲ್ಲ. ಯಾಕೆಂದು ಮಹಾಭಾರತವನ್ನು ಕೇಳುವುದು ಸಲ್ಲ, ಆ ಕಾಲದ ಮಾತು ಬೇರೆ. ನಮ್ಮ ಶಾಲೆಗಳನ್ನು ಕೇಳಬಹುದು.

ಸೂತ್ರವೋ ಅಭ್ಯಾಸವೋ ಎಂಬ ಜಗಳದಲ್ಲಿ ಕೊನೆಗೆ ನನಗೆ ಕಾಣುವುದು ಇಷ್ಟು. ಆಟ ಗೆಲ್ಲಿಸುವುದು ಅಭ್ಯಾಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಭ್ಯಾಸಕ್ಕೆ ಮೇಜು ಬೇಕು, ಹೊತ್ತು ಬೇಕು, ಹೊರಗೆ ಹೋಗಲು ಅಪ್ಪಣೆ ಬೇಕು. ಇವನ್ನು ಒಬ್ಬರು ಇನ್ನೊಬ್ಬರಿಗೆ ಕಾಗದದಲ್ಲಿ ಬರೆದು ಕೊಡಲು ಬಾರದು. ಸೂತ್ರವನ್ನು ಕೊಡಬಹುದು. ಅದು ಪೂರ್ತಿ ಸತ್ಯವಲ್ಲ, ಉಜ್ಜುವಿಕೆಯನ್ನು ಅದು ಬಲ್ಲದು ಎನ್ನುವಂತಿಲ್ಲ, ಮಿಲಿಮೀಟರನ್ನು ಅದು ಹಿಡಿಯಲಾರದು. ಆದರೂ ತಡವಾಗಿ ಬಂದವರನ್ನು, ಬದಿಗೆ ನಿಂತವರನ್ನು ಅದು ಬೇಗನೆ ಆಟದೊಳಗೆ ತರುತ್ತದೆ. ಗೋಲಿಯ ಹುಡುಗ ಐದು ವರ್ಷಕ್ಕೆ ಕಂಡ ಜಾಗವನ್ನು ರಟ್ಟಿನ ಬಿಲ್ಲೆ ಆ ಹುಡುಗಿಗೆ ಮೂರು ವಾರಕ್ಕೆ ತೋರಿಸಿತು. ‘ಅದೆಲ್ಲ ಹೇಳಿ ಬರೋದಲ್ಲ, ತಾನಾಗೇ ಬರಬೇಕು’ ಎಂದು ಯಾರಾದರೂ ಹೇಳಿದಾಗ ನಾನು ಈಗ ಮೊದಲು ಕೇಳುವುದು, ಬರಲು ಅವರನ್ನು ಒಳಗೆ ಬಿಟ್ಟಿದ್ದೀರೋ ಇಲ್ಲವೋ ಎಂದು. ಬಿಟ್ಟಿಲ್ಲವಾದರೆ, ಆ ಮಾತು ಮತ್ತೆ ಹೆಂಗಸರ ಕೈಗೆ ಮೇಸ್ ಕೊಟ್ಟಂತೆಯೇ.